ಜೊಹರಾಳ ಕೊರಳಿನ ಕಂಚು

ಅಪ್ಪಾ, ನಮ್ಮ ಯೆಹೂದಿಗಳ ಮಕ್ಕಾಬಿಯಾ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ನಿನ್ನ ಮೊಮ್ಮಗಳು ಜೊಹರಾಳ ತಂಡಕ್ಕೆ ಕಂಚಿನ ಪದಕ ಬಂತು. ಶನಿವಾರ, ಸಬ್ಬತ್ತಿನ ಬೆಳಿಗ್ಗೆ ಅವಳು ಅದನ್ನು ಹಾಕಿಕೊಂಡೇ ಪ್ರಾರ್ಥನೆಗೆ ಹೊರಟಳು. ಆ ವಿಶ್ರಾಂತಿಯ ದಿನ ಬೀದಿಯಲ್ಲಿ ಯಾವ ಹೊರೆಯನ್ನೂ ಹೊರಬಾರದಲ್ಲ, ನಾನು ತಡೆದೆ. ಕಡೆಗೆ ಶಾಸ್ತ್ರ ಬಲ್ಲ ನಿನ್ನ ಗೆಳೆಯ ಮಸೂದ್ ಮಾಮನನ್ನೇ ಕೇಳಿದೆವು.

"ಕೈಲಿ ಹಿಡಿದ್ರೆ ಹೊರೆ, ಕೊರಳಿಗೆ ಹಾಕ್ಕೊಂಡ್ರೆ ಒಡವೆ. ಹೋಗೇ ಹುಡುಗಿ. ನಿಮ್ಮಜ್ಜ ಇದ್ದಿದ್ರೆ ಊರಿಗೆಲ್ಲ ತೋರಿಸ್ಕೊಂಡು ಬರ್ತಿದ್ದ" ಎಂದ.

ನಾನು ಹುಡುಗಿಯಾಗಿದ್ದಾಗ ನೀನು ನನ್ನ ಆಟದ ಬೂಟುಗಳನ್ನು ರೊಟ್ಟಿಯ ಒಲೆಗೆ ಹಾಕಿದ್ದು ಅವನಿಗೆ ಗೊತ್ತಿಲ್ಲ. "ಹೌದು ಮಾಮ" ಎಂದೆ.

ಹೆಂಗಸರ ಸಾಲಿನಲ್ಲಿ ಮುದುಕಿಯರು ಪದಕ ಮುಟ್ಟಿ, ಧರ್ಮಗ್ರಂಥ ಮುಟ್ಟಿದಂತೆ, ಬೆರಳಿಗೆ ಮುತ್ತಿಟ್ಟುಕೊಂಡರು. ಆಮೇಲೆ ನಿನ್ನ ಹೆಸರಿನಲ್ಲಿ ಪ್ರಾರ್ಥನೆಯಾಯಿತು. ನಾನು ಗಟ್ಟಿಯಾಗಿ ಆಮೆನ್ ಎಂದೆ, ಅಪ್ಪಾ. ಕೈ ಮಾತ್ರ ನನ್ನ ಬರಿಗೊರಳ ಮೇಲಿತ್ತು.