ಸೊಸೆಯ ಕಂಪ್ಯೂಟರಿಗೆ ಒಂದು ತಂಬಿಗೆ ನೀರು

ಜೋರಾಪುರ ಪೇಟೆ, ವಿಜಯಪುರ
೧೬ ನವೆಂಬರ್ ೨೦೨೫, ರವಿವಾರ

ಪ್ರೀತಿಯ ಮಗಳು ಆಮ್ರಪಾಲಿಗೆ,

ನಿನ್ನ ಮಾವನ ಜೈಭೀಮ್. ಹೇಗಿದ್ದೀ? ಕೂಸು ಹೇಗಿದೆ? ಸೊಂಟನೋವು ಕಡಿಮೆಯಾಯಿತೆ? ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಅಂಗಳಕ್ಕೆ ಬರುತ್ತೀಯಂತೆ, ಸಮ್ಯಕ್ ಹೇಳಿದ. ಬಬಲೇಶ್ವರದ ಗಾಳಿ ಈಗ ತಣ್ಣಗಿರುತ್ತದೆ, ಕಿವಿಗೆ ಅರಳೆ ಇಟ್ಟುಕೋ. ಇದನ್ನೆಲ್ಲ ಹೇಳಬೇಕಾದವಳು ನಿನ್ನ ಅತ್ತೆ ಪರಸವ್ವ. ಅವಳು ಹೋಗಿ ಎರಡು ವರ್ಷವಾಯಿತು, ಅವಳ ಪಾಲಿನ ಮಾತನ್ನೂ ಈಗ ನಾನೇ ಆಡಬೇಕು. ಏನಾದರೂ ತಪ್ಪಿದ್ದರೆ ನಿನ್ನ ತಾಯಿ ಮಹಾನಂದಾ ಅವರು ತಿದ್ದಲಿ. ನಾನು ಆರಾಮಾಗಿದ್ದೇನೆ. ಬಿ.ಪಿ. ಗುಳಿಗೆಯನ್ನು ನೀನು ಹೇಳಿಕೊಟ್ಟಂತೆ ಚಹಾಪುಡಿ ಡಬ್ಬಿಯ ಮುಚ್ಚಳದಲ್ಲೇ ಇಡುತ್ತೇನೆ. ಚಹಾ ಮರೆತರಲ್ಲವೆ ಗುಳಿಗೆ ಮರೆಯುವುದು!

ಫೋನಿನಲ್ಲಿ ನಾನು "ಊಟ ಆತೇನವ್ವಾ" ಅನ್ನುತ್ತೇನೆ, ನೀನು "ಹ್ಞೂಂ ರೀ ಮಾವಾ" ಅನ್ನುತ್ತೀ, ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಅದಕ್ಕೇ ಈ ಕಾಗದ. ಕಾಲೇಜಿನಲ್ಲಿ ನಾನು ಓದಿದ್ದು ಎರಡೇ ವರ್ಷ. ಇಂಗ್ಲಿಷ್ ಸರ್ ಲೆಟರ್ ರೈಟಿಂಗ್ ಕಲಿಸುವಾಗ ಡೆಸ್ಕು ಬಡಿದು "ಕಮ್ ಟು ದಿ ಪಾಯಿಂಟ್, ರಾಜಾರಾಮ" ಎನ್ನುತ್ತಿದ್ದರು. ಉಳಿದದ್ದು ಅರ್ಧಮರ್ಧ ನೆನಪಿದೆ. ಆ ಪಾಯಿಂಟಿಗೆ ಬರುವುದು ಮಾತ್ರ ನನಗೆ ಕೊನೆಗೂ ಒಗ್ಗಲಿಲ್ಲ.

ಮೊನ್ನೆ ಸಮ್ಯಕ್ ಡ್ಯೂಟಿ ಮುಗಿಸಿ ಬಂದವನು ಟಿಕೆಟ್ ಚೀಲವನ್ನೇ ನೋಡುತ್ತ ಹೇಳಿದ: "ಅಪ್ಪಾ, ಆಕಿ ಅಲ್ಲೇ ಬಬಲೇಶ್ವರದಾಗ ಒಂದು ಖೋಲಿ ನೋಡು ಅಂದಾಳ. ಅಲ್ಲೇ ಸ್ಟುಡಿಯೋ ಹಾಕತಾಳಂತ. ಈ ಮನಿಗೆ ಬರೂದಿಲ್ಲಂತ." ಯಾಕೆಂದು ನನಗೆ ಗೊತ್ತಿತ್ತು. ಬುದ್ಧ ಪೂರ್ಣಿಮೆಯ ದಿನ ಸಂಜೆ ಗುಡುಗು ಸಿಡಿಲು ಬಂದು, ಮರುದಿನ ನಿನ್ನ ಕಂಪ್ಯೂಟರ್ ಸುಟ್ಟ ವಾಸನೆ ಹೊಡೆಯುತ್ತ ಸತ್ತು ಕುಳಿತಿತ್ತು. ನೀನು ಎಡಿಟ್ ಮಾಡುತ್ತಿದ್ದ ತಮ್ಮ ಮಗಳ ಮದುವೆಯ ವಿಡಿಯೋ ಕೇಳಲು ತಿಕೋಟಾದಿಂದ ಬಸಲಿಂಗಯ್ಯನವರು ಅದೇ ಹೊತ್ತಿಗೆ ಬಂದರು. ಅವರ ಮುಂದೆ, ಬಾಜೂ ಮನೆಯ ಮುರಿಗೆವ್ವನ ಮುಂದೆ, ನಾನು "ಹೊತ್ತಿಲ್ಲ ಗೊತ್ತಿಲ್ಲ, ಗೇಮ್ ಆಡಿ ಆಡಿ ಸುಟ್ಟಿಟ್ಟಾಳ್ರೀ" ಅಂದೆ. ಮುರಿಗೆವ್ವ ಬಿಟ್ಟಾಳೆಯೆ? "ಬಸುರಿ ಹೆಂಗಸು ಬಂದೂಕಿನ ಆಟ ಆಡಿದ್ರ ಮತ್ತೇನಾಕ್ಕೈತಿ" ಎಂದು ತನ್ನದೂ ಒಂದು ಸೇರಿಸಿದಳು. ಕುಬಸಕ್ಕೆ, ತವರಿನವರು ಬಂದು ಕರೆದೊಯ್ಯುವ ಸೀಮಂತಕ್ಕೆ, ಇನ್ನೂ ಹದಿನೈದು ದಿನವಿತ್ತು. ನೀನು ಮಧ್ಯಾಹ್ನದ ಬಸ್ಸಿಗೇ ತವರಿಗೆ ಹೋದೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು.

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನಿನ್ನ ಮೇಜಿನ ಖಾನೆಯಲ್ಲಿ ಒಂದು ಲಗ್ನಪತ್ರಿಕೆ ಸಿಕ್ಕಿತು. ಅದರ ಬೆನ್ನಿಗೆ ನೀನು ಹಿಂದೆ ಯಾವಾಗಲೋ ಹೊಸ ಕಂಪ್ಯೂಟರಿಗೆ ಬೇಕಾದ ಸಾಮಾನಿನ ಪಟ್ಟಿ ಬರೆದಿದ್ದೆ. ಪ್ರತಿಯೊಂದು ಸಾಮಾನನ್ನೂ ಮೊದಲು ಒಂದು ಥರ ಬರೆದು, ಅಡ್ಡಗೆರೆ ಎಳೆದು, ಕೆಳಗೆ ಅದಕ್ಕಿಂತ ಸಣ್ಣದನ್ನು ಬರೆದಿದ್ದೆ. ರ್‍ಯಾಮ್ ಮೂವತ್ತೆರಡು ಜಿ.ಬಿ. ಅಂತ ಇತ್ತು, ಹೊಡೆದುಹಾಕಿ ಹದಿನಾರು. ಗ್ರಾಫಿಕ್ಸ್ ಕಾರ್ಡು ಹನ್ನೆರಡರದು ಇತ್ತು, ಹೊಡೆದು ಎಂಟು. ಗೇಮಿಂಗ್ ಮೌಸ್ ಅಂತೂ ಪೂರಾ ಹೊಡೆದುಹಾಕಿದ್ದೆ. ಪರಸವ್ವ ಸೀರೆ ಆರಿಸುವಾಗ ಹೀಗೇ ಮಾಡುತ್ತಿದ್ದಳು, ಮೊದಲು ಕೈಗೆತ್ತಿಕೊಂಡದ್ದನ್ನು ಎಂದೂ ಮನೆಗೆ ತರಲಿಲ್ಲ. ನಾನು ಆ ಲಗ್ನಪತ್ರಿಕೆಯನ್ನು ಕಿಸೆಯಲ್ಲಿಟ್ಟುಕೊಂಡು ನೆಟ್ಟಗೆ ಸ್ಟೇಷನ್ ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋದೆ. ನೀನು ಗೆರೆ ಎಳೆದದ್ದನ್ನೇ ಕೇಳಿದೆ.

ಅಂಗಡಿ ನಡೆಸುವವಳು ಶಬನಮ ಎಂಬ ಹೆಣ್ಣುಮಗಳು. ಬಲು ಚುರುಕು. ಬಿಡಿ ಸಾಮಾನು ಒಂದಕ್ಕೊಂದು ಹೊಂದದಿದ್ದರೆ ಎಲ್ಲವೂ ದಂಡ ಎಂದು, ಪ್ರೊಸೆಸರ್ ಯಾವ ಮದರ್‌ಬೋರ್ಡಿಗೆ ಕೂಡುತ್ತದೆ, ಕಾರ್ಡಿನ ಉದ್ದ ಕ್ಯಾಬಿನೆಟ್ಟಿನಲ್ಲಿ ಹಿಡಿಸುತ್ತದೋ ಇಲ್ಲವೋ, ಒಂದೊಂದನ್ನೂ ಟೇಪು ಹಿಡಿದು ತೋರಿಸಿದಳು. ವಿಡಿಯೋಕ್ಕೂ ಗೇಮಿಗೂ ಬೇರೆ ಬೇರೆ ಕಾರ್ಡು ಬೇಕೇನವ್ವಾ ಎಂದರೆ, "ಎರಡೂ ಹೊಲಕ್ಕ ಒಂದ ಎತ್ತು ಸಾಕು ಕಾಕಾ, ಎತ್ತು ಗಟ್ಟಿ ಇರಬೇಕಷ್ಟ" ಅಂದಳು. ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗಳ. ಅವಳು ತೋರಿಸಿದ್ದನ್ನು ಕೈಯಲ್ಲಿ ತೂಗಿ ನೋಡಿ, ಇದಕ್ಕಿಂತ ದೊಡ್ಡದು ಕೊಡು, ಇದಕ್ಕಿಂತ ದೊಡ್ಡದು ಕೊಡು ಎಂದೆ. ಮೂರನೆಯ ಸಲಕ್ಕೆ ಆಕೆ ಸೊಂಟಕ್ಕೆ ಕೈಯಿಟ್ಟು "ಏನ್ರೀ ಕಾಕಾ, ಮನ್ಯಾಗ ಟಿ.ಸಿ. ಕೂಡ್ರಸಾಕತ್ತೀರೇನು?" ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೂವತ್ತು ವರ್ಷ ತಿಕೋಟಾದಲ್ಲಿ ಲೈನ್‌ಮನ್ ಆಗಿ ಆ ಟಿ.ಸಿ. ಎಂಬ ಟ್ರಾನ್ಸ್‌ಫಾರ್ಮರುಗಳನ್ನೇ ಕೂಡ್ರಿಸಿದವನು ನಾನು. ನನಗೂ ನಗು ಬಂತು.

ಕ್ಯಾಬಿನೆಟ್ಟನ್ನು ಮಾತ್ರ ನನ್ನ ಬುದ್ಧಿಯಿಂದ ಆರಿಸಿದೆ. ಗಾಜಿನ ಮುಖದ್ದು, ಬಣ್ಣದ ದೀಪ ಮಿನುಗುವಂಥದ್ದು ಬೇಡ, ಮುಂದೆ ಜಾಳಿಗೆ ಇದ್ದದ್ದೇ ಇರಲಿ ಎಂದೆ. ತಿಕೋಟಾದ ದ್ರಾಕ್ಷಿ ಒಣಗಿಸುವ ಶೆಡ್ಡುಗಳನ್ನು ನೀನೂ ನೋಡಿದ್ದೀ. ಒಂದು ಮಗ್ಗುಲಿಂದ ಗಾಳಿ ಹೊಕ್ಕು ಇನ್ನೊಂದು ಮಗ್ಗುಲಿಗೆ ಹೋಗಬೇಕು, ತಡೆದರೆ ಮಣೂಕ ಕಪ್ಪಾಗುತ್ತದೆ. ಫ್ಯಾನುಗಳನ್ನೂ ಅದೇ ಲೆಕ್ಕದಲ್ಲಿ ಮುಂದೆ ಎರಡು ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಕೂಡ್ರಿಸಿದೆ. ಪ್ರೊಸೆಸರ್ ಮೇಲೆ ಕಾವು ಇಳಿಸುವ ಪೇಸ್ಟು ಹಚ್ಚುವಾಗ ಮಾತ್ರ ಎಡವಟ್ಟಾಯಿತು. ಶಬನಮ ಬಟಾಣಿ ಕಾಳಿನಷ್ಟು ಎಂದು ಹೇಳಿದ್ದಳು, ನಾನು ರೊಟ್ಟಿಗೆ ಬೆಣ್ಣೆ ಮೆತ್ತಿದಂತೆ ಮೆತ್ತಿಬಿಟ್ಟೆ. ಸಮ್ಯಕ್ ಹಣೆ ಬಡಿದುಕೊಂಡು ಒರೆಸಿ ಮತ್ತೆ ಹಚ್ಚಿದ. ಸಾಮಾನಿನ ಜೊತೆ ಬಂದ ಪುಸ್ತಕದಲ್ಲಿ "ಅಪ್ಲೈ ಜೆಂಟಲ್ ಪ್ರೆಷರ್" ಎಂದು ಬರೆದಿತ್ತು. ಜೆಂಟಲ್ ಎಂಬ ಶಬ್ದವನ್ನು ಎಷ್ಟು ವರ್ಷದ ಮೇಲೆ ಓದಿದೆನೋ. ಎರಡು ಸಲ ಓದಿಕೊಂಡು ರ್‍ಯಾಮನ್ನು ಮೆಲ್ಲಗೆ ಒತ್ತಿದೆ, ಟಕ್ ಎಂದು ಕೂತಿತು. ಸುಟ್ಟ ಪೆಟ್ಟಿಗೆಯ ಜೊತೆಗೇ ಸತ್ತಿದೆ ಎಂದು ಸುತ್ತಿಟ್ಟಿದ್ದ ನಿನ್ನ ಹಳೆಯ ಹಾರ್ಡ್ ಡಿಸ್ಕನ್ನೂ ಸುಮ್ಮನೆ ಜೋಡಿಸಿ ನೋಡಿದೆವು. ಮಗಳೇ, ಅದು ಬದುಕಿದೆ. ಬಸಲಿಂಗಯ್ಯನವರ ಮಗಳು ವಿಜಯಲಕ್ಷ್ಮಿಯ ಮದುವೆಯ ಒಂದು ತುಣುಕೂ ಹೋಗಿಲ್ಲ.

ಅದರಲ್ಲಿ "ಅತ್ತಿ" ಎಂಬ ಹೆಸರಿನದೊಂದು ವಿಡಿಯೋ ಇತ್ತು. ಆಗ ನೀನು ಎಷ್ಟು ಸಲ ಕರೆದೆ, "ಮಾವಾ, ಐದ ಮಿನಿಟಿಂದ ಐತ್ರಿ, ಬಂದು ನೋಡ್ರಿ" ಎಂದು. ನಾನು ಪ್ರತಿಸಲ ಆಮೇಲೆ ಎಂದೆ. ನೋಡಲು ಧೈರ್ಯವಿರಲಿಲ್ಲ, ನಿಜ ಹೇಳುತ್ತೇನೆ. ಈ ಸಲ ನೋಡಿದೆ. ನಿಮ್ಮ ಮದುವೆಯ ಗದ್ದಲದಲ್ಲಿ, ಯಾರೂ ಪರಸವ್ವನನ್ನು ನೋಡದ ಮೂಲೆಗಳಲ್ಲೆಲ್ಲ ಅವಳನ್ನು ಹುಡುಕಿ ತೆಗೆದು ಜೋಡಿಸಿದ್ದೀ. ಬೀಗರಿಗೆ ಚಹಾ ಕೊಡುತ್ತಾಳೆ, ಯಾರಿಗೋ ಬೈಯುತ್ತಾಳೆ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾಳೆ. ಜನ ಎಲ್ಲ ಕುಣಿಯುತ್ತಿರುವಾಗ ಅವಳೊಬ್ಬಳು ಪಾತ್ರೆ ತೊಳೆದ ನೀರಿನ ಬಕೆಟ್ಟು ಹಿಡಿದು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ ನೀರು ಹಾಕುತ್ತಾಳೆ. ಅಷ್ಟು ದೊಡ್ಡ ಪರದೆಯ ಮೇಲೆ, ಅವಳ ಕೈಬಳೆಯ ಸಪ್ಪಳ ಕೂಡ ಕೇಳಿಸಿತು. ಇಡೀ ಮನೆಯಲ್ಲಿ ಇಷ್ಟು ವರ್ಷ ಅವಳನ್ನು ಹೀಗೆ ನೋಡಿದವರು ಯಾರೂ ಇರಲಿಲ್ಲ, ನಾನೂ ನೋಡಿರಲಿಲ್ಲ. ನಿನ್ನ ಉಪಕಾರ ಎಷ್ಟು ನೆನೆಯಲಿ? "ಐ ಯಾಮ್ ಎವರ್ ಗ್ರೇಟ್‌ಫುಲ್ ಟು ಯು" ಎಂದು ಕಾಲೇಜಿನಲ್ಲಿ ಎಷ್ಟೋ ಪತ್ರಗಳ ಕೊನೆಗೆ ಬರೆದಿದ್ದೆ, ಪರೀಕ್ಷೆಗಾಗಿ. ನಿಜವಾಗಿ ಬರೆಯುತ್ತಿರುವುದು ಇದೇ ಮೊದಲು.

ಗೇಮಿಂಗ್ ಮೌಸನ್ನೂ ತಂದಿದ್ದೇನೆ. ಕಿವಿಗೆ ಅದೇನೋ ಹಾಕಿಕೊಂಡು ನೀನು "ಹಿಂದ ನೋಡ್ಲೇ, ಹಿಂದ!" ಎಂದು ಒದರಿದಾಗ ಅಡುಗೆಮನೆಯಲ್ಲಿ ನಾನು ಹಿಂದೆ ತಿರುಗಿ ನೋಡುತ್ತಿದ್ದೆನಲ್ಲ, ಆ ಒದರಾಟ ಇಲ್ಲದೆ ಮನೆ ಬಿಕೋ ಎನ್ನುತ್ತದೆ.

ಕೂಸಿಗೆ ನನ್ನ ಮುತ್ತು. ಮಹಾನಂದಾ ಅವರಿಗೆ ನಮಸ್ಕಾರ ತಿಳಿಸು. ನೀನೂ ಕೂಸೂ ನೂರು ವರ್ಷ ಸುಖವಾಗಿರಿ.

ಯುವರ್ಸ್ ಅಫೆಕ್ಷನೇಟ್‌ಲಿ,
ನಿನ್ನ ಮಾವ
ರಾಜಾರಾಮ

ತಾ.ಕ.: ಸಮ್ಯಕ್ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, "ಬಸ್ ಬಿಡ್ತೈತೆಪ್ಪಾ" ಎನ್ನುತ್ತಿದ್ದಾನೆ. ಪಾಯಿಂಟ್ ಇನ್ನೂ ಬರೆದೇ ಇಲ್ಲ. ಆ ವಿಡಿಯೋದಲ್ಲಿ ಪರಸವ್ವ ನೀರು ಹಾಕಿದ್ದು ಎಲ್ಲಿ ಗೊತ್ತೇ? ಅರ್ಥಿಂಗ್ ತಗ್ಗಿಗೆ, ಕರೆಂಟಿನ ಪೆಟ್ಟನ್ನು ನೆಲಕ್ಕಿಳಿಸುವ ಗುಂಡಿಗೆ. ಮನೆ ಕಟ್ಟಿದ ವರ್ಷ ಇದ್ದಿಲು ಉಪ್ಪು ಹಾಕಿ ನಾನೇ ತೋಡಿದ್ದು. ದಿನಾ ಒಂದು ತಂಬಿಗೆ ನೀರು ಹಾಕು, ನಮ್ಮ ಕರಿ ಮಣ್ಣು ಒಣಗಿದರೆ ಅರ್ಥ್ ಸಾಯುತ್ತದೆ ಎಂದು ಅವಳಿಗೆ ಒಂದೇ ಸಲ ಹೇಳಿದ್ದೆ. ಇಪ್ಪತ್ತಾರು ವರ್ಷ ಹಾಕಿದಳು, ಮಗನ ಮದುವೆಯ ದಿನ ಕೂಡ. ಅವಳು ಹೋದ ಮೇಲೆ ಒಂದು ದಿನವೂ ನಾನು ಹಾಕಲಿಲ್ಲ. ನೀನು ಹೇಳಿದ್ದೆ, "ಮಾವಾ, ಕಂಪ್ಯೂಟರ್ ಪೆಟ್ಟಿಗಿ ಮುಟ್ಟಿದರ ಜುಂ ಅಂತೈತ್ರಿ" ಎಂದು. ಲೈನ್‌ಮನ್ ಆದವನು ನಾನು ಏನೆಂದೆ? "ಚಪ್ಲಿ ಹಾಕ್ಕೊಂಡು ಕೂಡ್ರು." ವಿಡಿಯೋ ಮುಗಿದ ಕೂಡಲೇ ಹೊಸ ಕಂಪ್ಯೂಟರ್ ಬಂದ್ ಮಾಡಿ, ಬಲ್ಬು ಹಚ್ಚಿ ಅರ್ಥ್ ಪರೀಕ್ಷೆ ಮಾಡಿದೆ. ಅರ್ಥ್ ಸರಿಯಿದ್ದರೆ ಉರಿಯಬೇಕಾದ ಬಲ್ಬು ಹತ್ತಲೇ ಇಲ್ಲ. ಅರ್ಥ್ ಇಲ್ಲದ ಮನೆಯಲ್ಲಿ ಸಿಡಿಲಿನ ಏಟಿಗೆ ನೀನು ಕಂಪ್ಯೂಟರಿಗೆ ಹಚ್ಚಿದ್ದ ಸ್ಪೈಕ್ ಗಾರ್ಡ್ ಏನು ಮಾಡೀತು? ಸುಟ್ಟವನು ನಾನು, ನಿನ್ನ ಗೇಮ್ ಅಲ್ಲ. ತಪ್ಪು ನನ್ನದು ಮಗಳೇ. ತಿಕೋಟಾಕ್ಕೆ ಹೋಗಿ ಬಸಲಿಂಗಯ್ಯನವರಿಗೆ ಹೀಗೇ ಹೇಳಿ ಬಂದೆ. "ಆಕಿನ ಬಂದು ಮಾಡಿಕೊಡ್ಲಿ, ನಾವು ಕಾಯ್ತೀವಿ" ಎಂದು ಬಾಣಂತಿಗೆ ಅಂತ ಒಂದು ಚೀಲ ಮಣೂಕ ಕೊಟ್ಟಿದ್ದಾರೆ, ಸಮ್ಯಕ್ ತರುತ್ತಾನೆ. ಮುರಿಗೆವ್ವನನ್ನೂ ಹಿತ್ತಲಿಗೆ ಕರೆದು ತಗ್ಗು ತೋರಿಸಿ ಹೇಳಿದೆ. "ಊರಿಗೆಲ್ಲ ಕರೆಂಟ್ ಕೊಟ್ಟಾಂವಗ ಒಂದು ತಂಬಿಗಿ ನೀರು ಹಾಕೂದು ಆಗಲಿಲ್ಲೇನೋ ಯಪ್ಪಾ" ಎಂದಳು. ಅನ್ನಲಿ. ತಗ್ಗನ್ನು ಹೊಸದಾಗಿ ತೋಡಿದ್ದೇನೆ, ದಿನಾ ನೀರು ಹಾಕುತ್ತಿದ್ದೇನೆ, ಈಗ ಬಲ್ಬು ಭರ್ತಿ ಉರಿಯುತ್ತದೆ. ಈ ಮನೆಗೆ ಬಾ. ಇಲ್ಲ, ಬಬಲೇಶ್ವರದಲ್ಲೇ ಖೋಲಿ ಮಾಡುತ್ತೇನೆ ಎಂದರೂ ಕಂಪ್ಯೂಟರ್ ನಿನ್ನದೇ, ಹಾರೆ ಸಲಿಕೆ ಹಿಡಿದು ನಾನೇ ಬಂದು ಅಲ್ಲೊಂದು ತಗ್ಗು ತೋಡಿ ಕೊಡುತ್ತೇನೆ. ಎಲ್ಲಿದ್ದರೂ ಸರಿ, ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಪೆಟ್ಟಿಗೆ ಮುಟ್ಟಿ ನೋಡು. ನಾನು ಮುಟ್ಟಿ ನೋಡಿದ್ದೇನೆ.