ನಾನು ವಾಪಸ್ ಕಳಿಸಿದ ಒಬ್ಬಳು

4 ನವೆಂಬರ್ 2025, ಮಂಗಳವಾರ

ಟೈಲರ್ ಅಂಗಡಿಗೆ ವಾರದ ರಜೆ. ಅಂದ್ರೆ ಬೋರ್ಡಿಗೆ ರಜೆ, ನನಗಲ್ಲ. ಬೆಳಿಗ್ಗೆ ಏಳಕ್ಕೇ ಹೋಗಿ ಅರ್ಧ ಶಟರ್ ಎತ್ತಿದೆ. ಅಸ್ಮಾ ಮನೆಯ ಹುಡುಗೀರು ಐದು ಜನ ಬಂದಿದ್ರು. ಮಂಗಳಮುಖಿಯರು ಅಂದ್ರೆ ಬೇರೆ ಟೈಲರ್‌ಗಳು "ಹಳೇ ಬ್ಲೌಸ್ ಕೊಟ್ಹೋಗಿ" ಅಂತ ದೂರದಿಂದಲೇ ಸಾಗಹಾಕ್ತಾರೆ. ಭುಜ ಅಗಲ, ಎದೆ ಕಮ್ಮಿ — ಡಾರ್ಟ್, ಅಂದ್ರೆ ಎದೆ ಹತ್ರದ ಮಡಿಕೆ, ಎಲ್ಲಿ ಹಿಡೀಬೇಕು ಅಂತ ಹಳೇ ಬ್ಲೌಸ್ ಹೇಳುತ್ತಾ? ಮೈಮೇಲೇ ಅಳೀಬೇಕು.

ಎಲ್ಲಾ ಹೋದ್ಮೇಲೆ ಅಸ್ಮಾ ಕೂತ್ಲು. ಅರವತ್ತು ದಾಟಿದೆ, ಆ ಮನೇಗೆ ಹಿರಿಯಳು.

"ಮಾಸ್ಟ್ರೇ, ಇಪ್ಪತ್ಮೂರಕ್ಕೆ ಆರ್.ಟಿ. ನಗರದಲ್ಲಿ ನಮ್ಮ ಸಂಘದ ಫಂಕ್ಷನ್. ನಮಗಾಗಿ ದುಡಿದ ಮೂರು ಜನಕ್ಕೆ ಸನ್ಮಾನ. ಒಬ್ರು ನರ್ಸ್, ಒಬ್ರು ಲಾಯರ್, ಇನ್ನೊಬ್ರು ನೀವು."

"ನಂಗ್ಯಾಕಮ್ಮಾ? ಹೊಲಿದೆ, ಕೂಲಿ ತಗೊಂಡೆ."

"ಸುಮ್ನೆ ಬನ್ನಿ."

ಖುಷಿ ಆಯ್ತು. ಒಂದ್ ಹತ್ತು ನಿಮಿಷ. ಆಮೇಲೆ ಹಳೇದೊಂದು ನೆನಪಾಯ್ತು.

5 ನವೆಂಬರ್

ಬರೆದುಬಿಡ್ತೀನಿ. ಇಪ್ಪತ್ತಾರು ವರ್ಷ ಯಾರಿಗೂ ಹೇಳಿಲ್ಲ. ಹೆಂಡತಿ ಗೋಪಾಲಮ್ಮಂಗೂ.

1999. ಗೌರಿ ಹಬ್ಬದ ರಶ್, ಅಂಗಡಿ ತುಂಬಾ ಹೆಂಗಸರು. ಪ್ಯಾಂಟು ಶರ್ಟಲ್ಲಿ ಒಬ್ಬಳು ಬಂದ್ಲು — ಆಗ ಹುಡುಗ ಅಂದ್ಕೊಂಡೆ. ಕೈಲಿ ಹಸಿರು ಬ್ಲೌಸ್ ಪೀಸ್. "ಅಕ್ಕಂಗೆ" ಅಂದ್ಲು. ಅಳತೆ ಬ್ಲೌಸ್ ಎಲ್ಲಿ ಅಂದೆ. "ಅಕ್ಕ ನನ್ನಷ್ಟೇ ಇದಾಳೆ, ನನ್ನ ಮೇಲೇ ಅಳೀರಿ..."

ನಂಗೆ ಅರ್ಥ ಆಯ್ತು. ಅರ್ಥ ಆಗಿಯೂ ಟೇಪನ್ನ ಅವಳ ಎದೆ ಸುತ್ತ ಹಿಡಿದು ಕೂಗ್ದೆ — "ಅಕ್ಕಂಗೋ ನಿಂಗೋ? ಬಳೆ ಸೈಜೂ ಹೇಳ್ಬಿಡು!" ಇಡೀ ಅಂಗಡಿ ನಗ್ತು. ಎಲ್ಲರಿಗಿಂತ ಜೋರಾಗಿ ನಾನು. ಬಟ್ಟೆ ಬಿಟ್ಟು ಓಡಿಹೋದ್ಲು. ಆ ಬಟ್ಟೆ ಎಷ್ಟೋ ವರ್ಷ ಇಟ್ಟಿದ್ದೆ, ಕೊನೆಗೆ ಜಿರಲೆ ತಿಂತು.

ಥೂ ನನ್ನ ಜನ್ಮಕ್ಕೆ.

ಮುಂದಿನ ವಾರ ಅಸ್ಮಾ ಮೊದಲನೇ ಸಲ ಬಂದಾಗ ಸ್ಟೂಲ್ ಹಾಕಿದೆ, ಟೀ ತರಿಸ್ದೆ, ಮರ್ಯಾದೆಯಿಂದ ಅಳತೆ ತಗೊಂಡೆ. ರಜಾ ದಿನ ಮಂಗಳವಾರ ಇವರಿಗೇ ಅಂತ ಶುರು ಆಗಿದ್ದು ಹಾಗೆ, ತಪ್ಪಿನ ಭಾರಕ್ಕೆ. ಸೇವೆ ಅಂತೆ, ಸೇವೆ.

15 ನವೆಂಬರ್

ಇನ್ವಿಟೇಶನ್ ಬಂತು. ರಾಮಕೃಷ್ಣಪ್ಪ ಅಂತ ನನ್ನ ಹೆಸರು, ಅದರ ಕೆಳಗೆ — "ಯಾರನ್ನೂ ವಾಪಸ್ ಕಳಿಸದ ಮಾಸ್ಟರ್."

ಗೋಪಾಲಮ್ಮ ಅದನ್ನ ದೇವರ ಫೋಟೋ ಪಕ್ಕ ಇಟ್ಟಿದಾಳೆ. ಮೇಲಿನ ಮನೆಯವರಿಗೆಲ್ಲಾ ತೋರಿಸಿ ಬಂದ್ಲು. "ನಿಮ್ ಮುಖ ಯಾಕ್ರೀ ಹಿಂಗಿದೆ?" ಗ್ಯಾಸ್ ಅಂದೆ.

22 ನವೆಂಬರ್, ಮಧ್ಯಾಹ್ನ

ಹೇಳ್ದೆ ಗೋಪಾಲಮ್ಮಂಗೆ. ಅವರೆಕಾಯಿ ಸುಲೀತಿದ್ಲು, ಕೈ ನಿಂತ್ಹೋಯ್ತು.

"ನಾಳೆ ಎಲ್ಲರ ಮುಂದೆ ಹೇಳ್ಬಿಡ್ರೀ. ಆಮೇಲೆ ಬೇಕಾದ್ರೆ ಶಾಲು ಹೊದಿಸ್ಲಿ."

"ಮಂಗಳವಾರ ಯಾರೂ ಬರದೆ ಹೋದ್ರೆ?"

"ಬರದೆ ಹೋಗ್ಲಿ. ಅವರಿಷ್ಟ ಅದು."

ಅವಳಿಗೇನು, ಹೇಳೋದು ಸುಲಭ. ಆ ಹುಡುಗೀರು ನನ್ನ ನಂಬಿ ಬಟ್ಟೆ ಬಿಚ್ಚಿ ಅಳತೆ ಕೊಡ್ತಾರೆ. ಆ ನಂಬಿಕೆ ಹೋದ್ರೆ ನಂಗೆ ಉಳಿಯೋದು ಬರೀ ಮಿಷನ್ನು. ಭಯ ಆಗ್ತಿದೆ ಕಣೋ ರಾಮಕೃಷ್ಣಪ್ಪ...

23 ನವೆಂಬರ್, ಭಾನುವಾರ, ಸಂಜೆ 7:30

ಹೇಳಿಬಿಟ್ಟೆ.

ಪೇಟ ತೊಡಿಸೋಕೆ ಬಂದವರ ಕೈ ತಡೆದು ಮೈಕ್ ಇಸ್ಕೊಂಡೆ. "ಈ ಇನ್ವಿಟೇಶನ್ ಸುಳ್ಳು. ಒಬ್ಬಳನ್ನ ವಾಪಸ್ ಕಳಿಸಿದೀನಿ. ನಗೆಪಾಟಲು ಮಾಡಿ ಕಳಿಸಿದೀನಿ." ಎಲ್ಲಾ ಹೇಳ್ದೆ, ಬಳೆ ಮಾತೂ. ನನ್ನ ಹತ್ರ ಹೊಲಿಸೋ ಮೋನಿಕಾ ಮುಖ ತಿರುಗಿಸಿದ್ಲು. ನೋಡೋಕಾಗ್ಲಿಲ್ಲ.

ಅಸ್ಮಾ ಎದ್ದು ಮೈಕ್ ತಗೊಂಡ್ಲು.

"ನಂಗೆ ಗೊತ್ತು ಮಾಸ್ಟ್ರೇ. ಅವತ್ತು ಅವಳು ಅಳ್ತಾ ಬಂದಿದ್ದು ನನ್ನ ಮನೇಗೇ. ಮುಂದಿನ ವಾರ ನಾನು ಬಂದಿದ್ದು ಬ್ಲೌಸ್ ಹೊಲಿಸೋಕಲ್ಲ, ನಿಮ್ಮ ಮಾನ ಕಳೆಯೋಕೆ. ನೀವು ಸ್ಟೂಲ್ ಹಾಕಿಬಿಟ್ರಿ, ಬೈಯೋಕೆ ಬಾಯೇ ಬರ್ಲಿಲ್ಲ. ಕಾರ್ಡಲ್ಲಿ ಆ ಲೈನ್ ಬರೆದಿದ್ದು ನಮ್ಮ ಹುಡುಗರು. ನಾನು ಹೊಡೆದುಹಾಕ್ಲಿಲ್ಲ. ನೀವೇ ಹೇಳ್ತೀರೋ ಇಲ್ವೋ ನೋಡೋಣ ಅಂತ."

ಎಂಥಾ ಕಿಲಾಡಿ!

"ಹೇಳದೆ ಇದ್ದಿದ್ರೆ?" ಅಂದೆ.

"ಶಾಲು ಹೊದಿಸ್ತಿದ್ದೆ. ಮಂಗಳವಾರ ಬರ್ತಿರ್ಲಿಲ್ಲ."

ಸ್ಟೇಜ್ ಮೇಲೇ ಅತ್ತೆ, ಮುದಿಗೂಬೆ ಥರ. ಇಳಿದ್ಮೇಲೆ ಅವತ್ತು ಓಡಿಹೋದವಳ ಹೆಸರು ಕೇಳ್ದೆ. ಅಷ್ಟು ವರ್ಷ ಹೆಸರೂ ಗೊತ್ತಿರ್ಲಿಲ್ಲ ನಂಗೆ. ಶಿಲ್ಪ ಅಂತೆ. ಊರಾಚೆ ಮಾಕಳೀಲಿ ಇದಾಳೆ. ಇವತ್ತು ಕರೆದಿದ್ರಂತೆ, ಬರಲ್ಲ ಅಂದ್ಲಂತೆ.

"ಕ್ಷಮಿಸಿದಾಳಾ?"

"ಅದನ್ನ ನಾನ್ಯಾಕೆ ಹೇಳ್ಲಿ?" ಅಂದ್ಲು ಅಸ್ಮಾ.

27 ನವೆಂಬರ್

ಮಂಗಳವಾರ ನಾಲ್ಕು ಜನ ಬಂದ್ರು. ಮೋನಿಕಾ ಬರ್ಲಿಲ್ಲ.

ನಾನು ಬಂದು ಕ್ಷಮೆ ಕೇಳ್ಲಾ ಅಂತ ಅಸ್ಮಾ ಕೈಲಿ ಶಿಲ್ಪಂಗೆ ಹೇಳಿ ಕಳಿಸಿದ್ದೆ. ಇವತ್ತು ಉತ್ತರ ಬಂತು. "ಕ್ಷಮೆಗಿಮೆ ಬೇಡ. ಅವರ ಅಂಗಡಿಗೆ ಕಾಲಿಡಲ್ಲ. ಭಾನುವಾರ ಅವರೇ ಬರ್ಲಿ, ಇಲ್ಲೇ ಅಳತೆ ತಗೊಳ್ಲಿ."

30 ನವೆಂಬರ್, ಮಾಕಳಿ, ಬೆಳಿಗ್ಗೆ 11:20

ಅವಳ ಮನೆ ಮೆಟ್ಟಿಲ ಮೇಲೆ ಕೂತು ಬರೀತಿದೀನಿ. ಹತ್ತಕ್ಕೇ ಬಂದೆ. ಬಾಗಿಲು ತಟ್ಟಿದೆ. "ಕೂತಿರಿ" ಅಂತ ಒಳಗಿಂದ ದನಿ, ಅಷ್ಟೇ. ಒಂದ್ ಗಂಟೆ ಮೇಲಾಯ್ತು. ಬೇಕಂತಲೇ ಕೂರಿಸಿದಾಳೆ. ಸರಿಯಾಗೇ ಮಾಡಿದಾಳೆ.

ಬೀದಿಯವರೆಲ್ಲಾ ನೋಡ್ತಿದಾರೆ. ಎದುರುಮನೆ ಅಜ್ಜಿ — "ಯಾರಪ್ಪಾ ನೀನು, ಯಾಕಿಂಗೆ ಕುಂತಿದೀಯ?" ಬೈಕ್ ಮೇಲಿದ್ದ ಇಬ್ರು ಮುಸಿಮುಸಿ ನಕ್ಕರು. "ಈ ವಯಸ್ಸಲ್ಲಿ ಅಂಕಲ್‌ಗೆ ಆ ಮನೇಲೇನ್ ಕೆಲಸ ಗುರು?"

ಮೈಯೆಲ್ಲಾ ಬೆಂಕಿ. ಎದ್ದು ಹೋಗ್ಬಿಡೋಣ ಅನ್ನಿಸ್ತು. ಅವತ್ತು ಅವಳು ಯಾಕೆ ಓಡಿದ್ಲು ಅಂತ ಈಗ ಗೊತ್ತಾಯ್ತು. ಹೋಗ್ಲಿಲ್ಲ. ಗಟ್ಟಿಯಾಗೇ ಹೇಳ್ದೆ — "ನಾನು ಟೈಲರ್. ಶಿಲ್ಪಮ್ಮನವರ ಬ್ಲೌಸಿಗೆ ಅಳತೆ ತಗೊಳ್ಳೋಕೆ ಬಂದಿದೀನಿ."

ಬೈಕಿನವರು ಗಾಡಿ ಸ್ಟಾರ್ಟ್ ಮಾಡ್ಕೊಂಡು ಹೋದ್ರು. ಒಳಗೆ ಏನೋ ಸದ್ದಿತ್ತು, ಅದು ನಿಂತ್ಹೋಯ್ತು. ಕೇಳಿಸ್ತು ಅನ್ಸುತ್ತೆ.

ಹೆಜ್ಜೆ ಸಪ್ಪಳ. ಚಿಲಕ ತೆಗೀ—