ಹೊಲಿಗೆಯವರ ಬೆರಳು

ಭಾನುವಾರ, ಮಾರ್ಚ್ ಹತ್ತು

ಮುದ್ದು ಡಾಕ್ಟರಮ್ಮನಿಗೆ,

ಅಪ್ಪನ ಆಶೀರ್ವಾದ. ನಿನ್ನ ಮನೆಯಲ್ಲಿ ಒಂದು ವಾರ ಇದ್ದು ಬಂದು ನಾಲ್ಕು ತಿಂಗಳಾದವು. ತಲುಪಿದೆ ಎಂಬ ಒಂದು ಸಾಲು ಬಿಟ್ಟರೆ ಏನೂ ಬರೆಯಲಿಲ್ಲ. ಕೋಪ ಮಾಡಿಕೊಳ್ಳಬೇಡ. ಕೈಗೆ ಬಿಡುವಿತ್ತು, ಮನಸ್ಸಿಗೆ ಇರಲಿಲ್ಲ. ನಿನ್ನೆ ಒಂದು ಪಾರ್ಸೆಲ್ ಬಂತು. ಇನ್ನು ಬರೆಯದೆ ವಿಧಿಯಿಲ್ಲ.

ಒಳಗೆ ತಿಳಿನೀಲಿ ಅಂಗಿ. ಕಾಜಾಗಳೆಲ್ಲ ಕೈಯಲ್ಲೇ ಹೊಲಿದವು. ಜೊತೆಗೊಂದು ಚೀಟಿ: "ದೊಡ್ಡ ಡಾಕ್ಟರಿಗೆ. ಅಳತೆ ಕೇಳೋಕೆ ನಾಚಿಕೆಯಾಯ್ತು, ಕಣ್ಣಳತೆಯಲ್ಲೇ ಕತ್ತರಿಸಿದ್ದೀನಿ. ವಾರಕ್ಕೊಂದು ದಿನದ ಮಾತ್ರೆ ತಪ್ಪಿಸಿಲ್ಲ. ಸೂಜಿ ಈಗ ಮಾತು ಕೇಳುತ್ತೆ." ಯಾರೆಂದು ಗೊತ್ತಾಯಿತಲ್ಲ? ನಿನ್ನ ಕ್ಲಿನಿಕ್ಕಿನ ಎದುರು ಸಾಲಿನ ಹೊಲಿಗೆಯವರು.

ಅವರು ನಿನ್ನಲ್ಲಿಗೆ ಬಂದ ದಿನ ನನ್ನ ಕಡೆಯಿಂದ ಹೇಗಿತ್ತೆಂದು ಹೇಳಬೇಕು. ನೀನು ಪರದೆಯ ಹಿಂದೆ ಹಮಾಲರೊಬ್ಬರ ಸೊಂಟ ನೋಡುತ್ತಿದ್ದೆ. ಎಕ್ಸ್-ರೇ ಬರೆದುಕೊಡಿ ಎಂದು ಅವರ ಹಠ. ಕಾಲಿನಲ್ಲಿ ಬಲವಿದೆಯೇ, ಜೋಮು ಹಿಡಿಯುತ್ತದೆಯೇ, ಮೂತ್ರಕ್ಕೆ ತೊಂದರೆಯೇ, ಜ್ವರ ಬಂದಿತ್ತೇ, ತೂಕ ಇಳಿದಿದೆಯೇ ಎಂದು ನೀನು ಒಂದೊಂದೇ ಕೇಳಿದೆ. ಆಮೇಲೆ, "ಎಕ್ಸ್-ರೇ ಬೇಡ. ಮಲಗಿಬಿಡಬೇಡಿ, ಓಡಾಡಿ" ಎಂದೆ. ಮೂವತ್ತೈದು ವರ್ಷ ಸೊಂಟ ಹಿಡಿದವರನ್ನೆಲ್ಲ ಹದಿನೈದು ದಿನ ಹಲಗೆಯ ಮೇಲೆ ಮಲಗಿಸಿದವನು ನಾನು. ಹೊರಗಿನ ಬೆಂಚಿನಲ್ಲಿ ಕೂತು ಗೊಣಗಿಕೊಂಡೆ.

ಪಕ್ಕದಲ್ಲಿದ್ದ ಹೊಲಿಗೆಯವರು, ನಾನೂ ಡಾಕ್ಟರೆಂದು ತಿಳಿದು ಕೈ ಚಾಚಿದರು. "ಬೆಳಿಗ್ಗೆ ಸೂಜಿಗೆ ದಾರ ಪೋಣಿಸೋಕಾಗಲ್ಲ."

ಅನುಭವದ ಅಹಂಕಾರ, ಕೈ ಮುಟ್ಟದೆಯೇ ಹೇಳಿಬಿಟ್ಟೆ: "ವಯಸ್ಸಾಯ್ತಲ್ಲಮ್ಮಾ. ಬಿಸಿನೀರಲ್ಲಿ ಅದ್ದಿ." ಪಾಪ, ಅವರು ಎದ್ದು ಹೊರಟಿದ್ದರು. ಅಷ್ಟರಲ್ಲಿ ನೀನು ಪರದೆ ಸರಿಸಿ ಅವರನ್ನು ಒಳಗೆ ಕರೆದೆ. ನಾನೂ ಹಿಂದೆಯೇ ಬಂದೆ.

"ಎದ್ದ ಮೇಲೆ ಬೆರಳು ಸಡಿಲ ಆಗೋಕೆ ಎಷ್ಟು ಹೊತ್ತು ಬೇಕು?"

"ಐದೂವರೆಗೆ ಏಳ್ತೀನಿ. ಒಂಬತ್ತಕ್ಕೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೂ ಬಿಗಿ ಇರುತ್ತೆ."

ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ವಯಸ್ಸಿನ ಬಿಗಿಯಾದರೆ ಅರ್ಧ ಗಂಟೆಯಲ್ಲಿ ಬಿಡುತ್ತದೆ, ಇಷ್ಟು ಹೊತ್ತು ನಿಂತರೆ ಕೀಲುವಾತದ ಗುಮಾನಿ. ನೀನು ಅವರ ಅಂಗೈ ಹಿಡಿದು, ಗೆಣ್ಣುಗಳ ಸಾಲನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿದೆ. ಅವರು ಮುಖ ಕಿವುಚಿದರು. ಎರಡೂ ಕೈ ನೋಡಿದೆ, ಪಾದ ನೋಡಿದೆ.

ಮರುದಿನ ರಕ್ತದ ವರದಿ ಬಂತು. "ಏನೂ ಇಲ್ಲವಲ್ಲ" ಎಂದೆ ನಾನು, ಗೆದ್ದವನ ಹಾಗೆ.

"ರಕ್ತ ಹೇಳದಿದ್ರೇನಪ್ಪಾ, ಕೈ ಹೇಳ್ತಿದೆ" ಎಂದು ಕೀಲು ತಜ್ಞರಿಗೆ ಫೋನು ಹಚ್ಚಿದೆ. ಅವರು ಎರಡು ತಿಂಗಳು ಬಿಟ್ಟು ಕಳಿಸಿ ಎಂದರು. ನೀನು ದನಿಯನ್ನೂ ಏರಿಸಲಿಲ್ಲ. "ಅಷ್ಟರಲ್ಲಿ ಕೀಲು ಸವೆದ್ರೆ ಅದನ್ನ ಯಾರು ವಾಪಸ್ ಕೊಡ್ತಾರೆ ಸಾರ್?" ಎಂದೆ. ಅದೇ ವಾರ ನೋಡಲು ಒಪ್ಪಿದರು.

ನನ್ನ ಕಿವಿ ಕೆಂಪಾಗಿತ್ತು, ನಿಜ. ಆದರೆ ಎದೆ ಎಷ್ಟು ಉಬ್ಬಿತ್ತೆಂದರೆ, ಆಗ ಅಳತೆ ತೆಗೆದಿದ್ದರೆ ಈ ಅಂಗಿ ಈಗ ದೊಗಳೆಯಾಗುತ್ತಿತ್ತು. ನಾನು ಗುಣಪಡಿಸಿದವರ ಲೆಕ್ಕ ದೊಡ್ಡದಿರಬಹುದು. ಆದರೆ ಆ ಒಂದು ಫೋನು ಮಾಡುವ ಎದೆಗಾರಿಕೆ ನನಗೆ ಯಾವತ್ತೂ ಬರಲಿಲ್ಲ. ನಿನಗೆ ಅದನ್ನು ಕಲಿಸಿದವನು ನಾನಲ್ಲ. ಆದರೂ ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನನ್ನ ಮಗಳು" ಎಂದೇ ಹೇಳಿಕೊಂಡು ತಿರುಗುತ್ತಿದ್ದೇನೆ.

ನಿನ್ನ ಕೈಗುಣ ಬೆಳೆಯಲಿ, ಕಿವಿ ಸದಾ ತೆರೆದಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಪ್ಪ

ತಾ.ಕ.: ನಿನಗೆ ಎಂಟು ವರ್ಷವಿದ್ದಾಗ ಅಮ್ಮ ಇದ್ದಕ್ಕಿದ್ದಂತೆ ನಿನಗೆ ಜಡೆ ಹಾಕುವುದನ್ನು ಬಿಟ್ಟಳು. "ದೊಡ್ಡವಳಾದೆ, ನೀನೇ ಬಾಚ್ಕೋ" ಎಂದು ಗದರಿದಳು. ಅವಳಿಗೆ ನಿನ್ನ ಮೇಲೆ ಬೇಸರವಿತ್ತು ಎಂದು ಅವಳು ತೀರಿಹೋದ ದಿನವೂ ನೀನು ಅತ್ತೆ. ಬೇಸರವಲ್ಲ ಮಗಳೇ. ಆಗಲೇ ಅವಳ ಬೆರಳು ಮಡಚುತ್ತಿರಲಿಲ್ಲ. ಎರಡು ವರ್ಷ ನನಗೆ ಹೇಳುತ್ತಲೇ ಇದ್ದಳು. ಊರಿನವರ ಕೈ ನೋಡಿದ ನಾನು ಅವಳ ಕೈ ಹಿಡಿದು ನೋಡಲಿಲ್ಲ. ಬೆರಳು ಸೊಟ್ಟಗಾದ ಮೇಲೆ, "ಮೊದಲೇ ಹೇಳಲಿಲ್ಲ ಅವಳು" ಎಂದು ಎಲ್ಲರೆದುರು ಹೇಳಿದೆ, ನಿನಗೂ ಹೇಳಿದೆ. ಕೊನೆಯವರೆಗೂ ಅವಳು ನನ್ನ ಆ ಮಾತು ಸುಳ್ಳೆಂದು ಯಾರಿಗೂ ಹೇಳಲಿಲ್ಲ.